ಎಡಗೊಂಬು

ಚೆಲುವರಾಜು ಸತ್ಯ ಹೇಳಲು ಹೊರಟಿದ್ದಾನೆ ಎಂಬ ಸಂಗತಿ ಡಾಕ್ಟರ್ ಯೋಗೇಂದ್ರನಿಗೆ ತಿಳಿದದ್ದು ಡಿಸೆಂಬರ್ ಮೊದಲ ವಾರದಲ್ಲಿ, ಅದೂ ಚೆಲುವರಾಜುವಿನ ಬಾಯಿಂದಲೇ. ಬೆನ್ನ ಹಿಂದೆ ಮಾತಾಡುವ ಜಾಯಮಾನ ಆ ಮನುಷ್ಯನದಲ್ಲ. ಕುಂಬಾರಕೊಪ್ಪಲಿನ ತನ್ನ ಮನೆಗೆ ಕರೆಸಿ, ಕೊಟ್ಟಿಗೆಯ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿ, ಕಾಫಿ ಕೊಟ್ಟು ಹೇಳಿದ.

"ಆಯಮ್ಮ ಈಗ್ಲೂ ತಾನೇ ಮಗನ್ನ ಸಾಯಿಸ್ದೆ ಅನ್ಕೊಂಡವ್ಳೆ ಸಾರ್. ಮೊನ್ನೆ ಬಸ್ಸಲ್ಲಿ ಸಿಕ್ಕಿದ್ಲು. ನಾನು ಬ್ಯಾಡ ಅನ್ದೆ ಇದ್ದಿದ್ರೆ ನಿಶಾಂತ ಬದುಕ್ತಿದ್ದ ಕಣಣ್ಣ ಅಂದ್ಲು. ನಂಗೆ ಅನ್ನ ಸೇರ್ತಿಲ್ಲ. ಸಂಕ್ರಾಂತಿ ಕಳೀಲಿ, ಆಯಮ್ಮನ್ನ ಕರ್ಕೊಂಡೋಗಿ ವೈದ್ಯಕೀಯ ಪರಿಷತ್ತಲ್ಲಿ ಎಲ್ಲಾ ಹೇಳ್ಬುಡ್ತೀನಿ."

ಆಯಮ್ಮ ಅಂದರೆ ವಸಂತಮ್ಮ. ಮೂರು ವರ್ಷದ ಹಿಂದೆ ಅವಳ ಹತ್ತೊಂಬತ್ತರ ಮಗ ನಿಶಾಂತ್ ಎತ್ತಿನಿಂದ ತಿವಿಸಿಕೊಂಡು ಯೋಗೇಂದ್ರನ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬಂದಿದ್ದ. ತೊಡೆಸಂದಿನಲ್ಲಿ ನಾಣ್ಯದಷ್ಟು ತೂತು, ಅಷ್ಟೇ. ಗಾಯ ಕಟ್ಟುವ ಕೆಲಸದ ಚೆಲುವರಾಜು ಅಂದೇ ಹತ್ತಿರ ಬಂದು, "ಸಾರ್, ಕೊಂಬಿನ ಗಾಯ ಹೊರಗಿಂದ ನೋಡ್ಬಾರ್ದು. ಒಳಕ್ಕೋದ್ಮೇಲೆ ಎತ್ತು ಕತ್ತು ತಿರುವ್ತದೆ. ಒಂದ್ ಸ್ಕ್ಯಾನ್ ಮಾಡ್ಸಿ" ಎಂದಿದ್ದ. ಸಗಣಿ ಬಾಚುವವನಿಂದ ವೈದ್ಯಶಾಸ್ತ್ರ ಕಲಿಯುವ ಗತಿ ಯೋಗೇಂದ್ರನಿಗೆ ಬಂದಿರಲಿಲ್ಲ. ಎರಡು ಹೊಲಿಗೆ ಹಾಕಿ ಮನೆಗೆ ಕಳಿಸಿದ. ನಾಲ್ಕು ಗಂಟೆಯೊಳಗೆ ಹುಡುಗ ಹೊಟ್ಟೆಯೊಳಗೆಲ್ಲ ರಕ್ತ ತುಂಬಿಕೊಂಡು ವಾಪಸು ಬಂದ. ಅವ್ವಾ ಅವ್ವಾ ಎಂದು ಕಿರುಚುತ್ತ, ಹಾಸಿಗೆಯ ಕಬ್ಬಿಣದ ಸರಳನ್ನು ಹಿಡಿದುಕೊಂಡೇ ಸತ್ತ. ಕೊನೆಗೆ ಸರಳಿನಿಂದ ಬೆರಳು ಬಿಡಿಸಿದವನು ಚೆಲುವರಾಜು.

ಹೆಣ ತಣ್ಣಗಾಗುವ ಮೊದಲೇ ಯೋಗೇಂದ್ರ ಕೇಸ್ ಶೀಟು ಬದಲಿಸಿದ್ದ. ಒಳಗಾಯದ ಶಂಕೆ ಇದೆ, ದಾಖಲಾಗಲು ತಿಳಿಸಿದೆ, ಮನೆಯವರು ನಿರಾಕರಿಸಿದರು ಎಂದು ಹೊಸದಾಗಿ ಬರೆದು, ಹೆಣ ಬಿಟ್ಟುಕೊಡುವ ಕಾಗದ ಎಂದು ಹೇಳಿ ವಸಂತಮ್ಮನ ಹೆಬ್ಬೆಟ್ಟು ಒತ್ತಿಸಿಕೊಂಡ. ನೀನೇ ಬೇಡ ಅಂದೆ, ಗಾಬರಿಯಲ್ಲಿ ಮರೆತಿದ್ದೀಯ ಎಂದು ಅವಳನ್ನೂ ನಂಬಿಸಿದ. ಹಳೆಯ ಶೀಟು ಒಲೆಗೆ ಹೋಯಿತು. ಅಲ್ಲಿಗೆ ಸುಮ್ಮನಿದ್ದರೂ ಆಗುತ್ತಿತ್ತು. ಆದರೆ ಅದೇ ಗಾಯದ ಚಿತ್ರ ಬರೆದು, ಸಣ್ಣ ತೂತಿನ ಹಿಂದಿನ ದೊಡ್ಡ ಸಾವನ್ನು ಕಣ್ಣಲ್ಲೇ ಪತ್ತೆಹಚ್ಚುವುದು ಹೇಗೆ ಎಂದು ಲೇಖನ ಪ್ರಕಟಿಸಿದ. ಅದು ಎಲ್ಲೆಲ್ಲೋ ಓದಿಸಿಕೊಂಡಿತು. ಈಗ ಮೈಸೂರಿನಲ್ಲಿ ವಿಚಿತ್ರ ಗಾಯ ಬಂದರೆ ಯೋಗೇಂದ್ರನಿಗೇ ಫೋನು. ಏಪ್ರಿಲ್‌ಗೆ ಅವನು ತುರ್ತು ವಿಭಾಗದ ಮುಖ್ಯಸ್ಥ. ಇದನ್ನೆಲ್ಲ ಒಬ್ಬ ನಿವೃತ್ತ ಡ್ರೆಸ್ಸರು, ಬಸ್ಸಿನಲ್ಲಿ ಯಾರೋ ಅತ್ತರು ಎಂದು, ಬೀದಿಗೆ ಚೆಲ್ಲಲು ಹೊರಟಿದ್ದಾನೆ.

ಯೋಗೇಂದ್ರ ಕಾಫಿ ಕುಡಿಯುತ್ತ ಕೊಟ್ಟಿಗೆಯ ಕಡೆ ನೋಡಿದ. ಅಲ್ಲಿ ಬೂದ ನಿಂತಿತ್ತು. ಹಳ್ಳಿಕಾರ್ ತಳಿಯ ಒಂಟಿ ಎತ್ತು, ಹಿಂದಕ್ಕೆ ಹೋಗಿ ತುದಿಯಲ್ಲಿ ಮುಂದಕ್ಕೆ ಬಾಗಿದ ಉದ್ದನೆಯ ಜೋಡಿ ಕೊಂಬು. ಅದು ಸುಮ್ಮನೆ ನಿಂತಿರಲಿಲ್ಲ. ತಲೆ ಒಂದು ಕಡೆಗೆ ವಾಲಿಸುವುದು, ಜೋರಾಗಿ ಒದರುವುದು, ಕೊಂಬಿನ ಬುಡವನ್ನು ಕಲ್ಲುಕಂಬಕ್ಕೆ ಗರಗರ ಉಜ್ಜುವುದು. ಒಂದು ಹೊಳ್ಳೆಯಲ್ಲಿ ಸ್ವಲ್ಪ ರಕ್ತ ಒಣಗಿತ್ತು, ಎಲ್ಲೋ ಗುದ್ದಿಕೊಂಡಿರಬೇಕು.

"ಹಾಯುತ್ತಾ?" ಎಂದು ಕೇಳಿದ.

"ಮೊದ್ಲು ಮಗೂ ಇದ್ದಂಗಿತ್ತು ಸಾರ್. ಈಚೆಗೆ ಯಾಕೋ ಸಿಡಿಸಿಡಿ ಅಂತದೆ."

ತಲೆಕೆಟ್ಟ ಎತ್ತು ಎಂದು ಯೋಗೇಂದ್ರ ಒಂದೇ ನೋಟಕ್ಕೆ ತೀರ್ಮಾನಿಸಿದ. ಅವನ ತೀರ್ಮಾನಗಳಿಗೆ ಎರಡನೇ ನೋಟ ಬೇಕಾಗುತ್ತಿರಲಿಲ್ಲ. ಲೋಟ ಕೆಳಗಿಡುವಷ್ಟರಲ್ಲಿ ಚೆಲುವರಾಜು ಹೇಗೆ ಸಾಯಬೇಕು ಎಂಬುದೂ ಗೊತ್ತಾಗಿಹೋಗಿತ್ತು.

ಕೊಲೆಗಾರರೆಲ್ಲ ಸಿಕ್ಕಿಬೀಳುವುದು ಗಾಯ ಓದಲು ಬಾರದ್ದರಿಂದ ಎಂಬುದು ಅವನ ಸಿದ್ಧಾಂತ. ಅವನು ಬರೆಯಬೇಕಾದ ಗಾಯಕ್ಕೆ ಓದುಗರೂ ಗೊತ್ತಿದ್ದರು. ಆ ಕಡೆಯ ಅಸಹಜ ಸಾವುಗಳ ಶವಪರೀಕ್ಷೆಯೆಲ್ಲ ಡಾಕ್ಟರ್ ಗಿರಿಜಾಂಬಾ ಅವರದು. ಅರವತ್ತರ ಹತ್ತಿರದ ಹೆಂಗಸು, ನಿಧಾನ ಅಂದರೆ ನಿಧಾನ. ಪೊಲೀಸರು ಹೊರಗೆ ಬೀಡಿ ಸೇದಿ ಸೇದಿ ಬೇಸತ್ತರೂ ಇವರ ಅಳತೆಪಟ್ಟಿ ಒಂದು ಗೆರೆ ಬಿಡುತ್ತಿರಲಿಲ್ಲ. ಇನ್ನೊಂದು ಹಟ ಬೇರೆ: ಗಾಯ ಮಾಡಿದ ಆಯುಧವನ್ನು ಕಣ್ಣಾರೆ ನೋಡದೆ ಅಭಿಪ್ರಾಯಕ್ಕೆ ಸಹಿ ಹಾಕುವುದಿಲ್ಲ. ಮಚ್ಚಾದರೆ ಮಚ್ಚು, ಕುಡುಗೋಲಾದರೆ ಕುಡುಗೋಲು, ಮೇಜಿನ ಮೇಲೆ ಬರಬೇಕು. ಎತ್ತನ್ನು ಮೇಜಿನ ಮೇಲೆ ಹೇಗೆ ಇಡುತ್ತಾರೋ ನೋಡೋಣ ಎಂದು ಯೋಗೇಂದ್ರ ಒಳಗೊಳಗೇ ನಕ್ಕ.

ಒಂದು ಹಳೇ ಎತ್ತಿನ ಕೊಂಬು ನಜರ್‌ಬಾದಿನ ಗುಜರಿ ಅಂಗಡಿಯಲ್ಲಿ ಸಿಕ್ಕಿತು. ಅದನ್ನು ಕಬ್ಬಿಣದ ಹಿಡಿಗೆ ಕೂಡಿಸಿದ. ರಾಜೀವನಗರದಿಂದ ಇಡೀ ಕುರಿಯ ಮೈ ತಂದು, ತನ್ನ ಮನೆಯ ಗ್ಯಾರೇಜಿನಲ್ಲಿ ತೂಗುಹಾಕಿ ತಿವಿದ. ಮೊದಲ ಸಲ ಎಲುಬಿಗೆ ತಾಗಿ ಮಣಿಕಟ್ಟು ನೋಯಿತು. ಎರಡನೇ ಸಲ ಚೆಲುವರಾಜು ಹೇಳಿದ್ದ ಮಾತೇ ನೆನಪಿಗೆ ಬಂತು. ಒಳಗೆ ಹೋದ ಮೇಲೆ ತಿರುವಬೇಕು. ತಿರುವಿದ. ಮಾಂಸ ಹರಿದ ಸದ್ದಿಗೆ ಮೈ ಜುಮ್ಮೆಂದಿತು, ಆದರೆ ಅದು ಹೇಸಿಗೆಯಿಂದಲ್ಲ. ಹನ್ನೊಂದು ಸಲ ತಿವಿದು, ಪ್ರತಿ ತೂತಿಗೂ ಬೆರಳು ತೂರಿಸಿ, ತನ್ನ ಲೇಖನದ ಚಿತ್ರಕ್ಕೆ ಹೋಲಿಸಿ ನೋಡಿದ.

ಹೊಸ ವರ್ಷದ ಹೊತ್ತಿಗೆ ಚೆಲುವರಾಜು ತಾನೇ ಫೋನ್ ಮಾಡಿದ. "ನೀವೇ ಮೊದ್ಲು ಒಪ್ಕೊಂಡ್ಬುಟ್ರೆ ಚೆಂದ ಸಾರ್. ನಿಮ್ ಮರ್ವಾದೆನೂ ಉಳೀತದೆ. ನಾನು ಮೊನ್ನೇನೇ ಬರಾಣ ಅನ್ಕೊಂಡಿದ್ದೆ, ದನದ ಆಸ್ಪತ್ರೆಗೆ ಅಲ್ದೂ ಅಲ್ದೂ ಸಾಕಾಗೋಯ್ತು. ನಮ್ ಬೂದಂಗೆ..." ಎತ್ತಿನ ಯೋಗಕ್ಷೇಮ ಕೇಳುವ ವ್ಯವಧಾನ ಯೋಗೇಂದ್ರನಿಗಿರಲಿಲ್ಲ. ಪೇಷಂಟ್ ಬಂದಿದ್ದಾರೆ, ಹಬ್ಬದ ದಿನ ಬಂದು ಮಾತಾಡುತ್ತೇನೆ ಎಂದು ಫೋನ್ ಇಟ್ಟ.

ಹಬ್ಬದ ದಿನವನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ಸಂಜೆ ದನಗಳನ್ನು ಕಿಚ್ಚು ಹಾಯಿಸುವಾಗ ಇಡೀ ಕೇರಿ ಬೀದಿಯ ತುದಿಯಲ್ಲಿರುತ್ತದೆ. ತಮಟೆ, ಪಟಾಕಿ, ಶಿಳ್ಳೆಗಳ ನಡುವೆ ಒಬ್ಬ ಮನುಷ್ಯನ ಕೂಗು ಯಾರಿಗೂ ಕೇಳದು. ಬೆಂಕಿಗೆ ಬೆದರಿದ ಎತ್ತು ಹಾಯಿತು ಎಂದರೆ ಎಳೇ ಮಗುವೂ ನಂಬುತ್ತದೆ.

ಬೆಳಿಗ್ಗೆ ಎಳ್ಳುಬೆಲ್ಲದ ಪೊಟ್ಟಣ, ಸಕ್ಕರೆ ಅಚ್ಚು, ಕಬ್ಬಿನ ತುಂಡು ಹಿಡಿದು ಅವನು ಚೆಲುವರಾಜುವಿನ ಮನೆಗೆ ಹೋದ. ಬೂದನ ಮೈಗೆ ಅರಿಶಿನ ಬಳಿದಾಗಿತ್ತು. ಕೊಂಬುಗಳಿಗೆ ಕಡುನೀಲಿ ಎನಾಮಲ್ ಬಣ್ಣ, ಬುಡದಲ್ಲಿ ದಪ್ಪಗೆ ಸುತ್ತಿದ ಕೆಂಪು ರಿಬ್ಬನ್ನು, ಜರಿಯ ಗೊಂಡೆ, ಸೇವಂತಿಗೆ ಹಾರ. ಬಲಗೊಂಬಿನ ತುದಿಗೆ ಹಿತ್ತಾಳೆಯ ಕಳಸ ಹಾಕಿತ್ತು. ಎಡಗೊಂಬು ಬರಿದಾಗಿತ್ತು. ಚೆಲುವರಾಜುವಿನ ಮಗಳು ಕುಸುಮ, ಪ್ರೌಢಶಾಲೆಯಲ್ಲಿ ಡ್ರಾಯಿಂಗ್ ಟೀಚರು, ಕೈಯೆಲ್ಲ ನೀಲಿ ಮಾಡಿಕೊಂಡು ಪಕ್ಕದಲ್ಲೇ ನಿಂತಿದ್ದಳು.

"ಎಡಗಡೆ ಮಾತ್ರ ಮುಟ್ಬೇಡಿ ಸಾರ್, ಇನ್ನೂ ಹಸಿ ಇದೆ. ಸಂಜೆವರೆಗೂ ಒಣಗಲ್ಲ ಅನ್ಸುತ್ತೆ," ಎಂದಳು.

"ಕಿಚ್ಚು ಹಾಯಿಸಲ್ವಾ?"

"ಈ ವರ್ಷ ಬೇಡ ಅಂತ ಅಪ್ಪ. ಅವರೂ ಕೊಟ್ಟಿಗೇಲೇ ಇರ್ತಾರಂತೆ."

ತಲೆಕೆಟ್ಟ ಎತ್ತನ್ನು ಜನರ ನಡುವೆ ಬಿಡುವ ಧೈರ್ಯವಿಲ್ಲ ಎಂದು ಯೋಗೇಂದ್ರ ಅರ್ಥ ಮಾಡಿಕೊಂಡ. ಎಲ್ಲವೂ ತಾನಾಗಿ ಕೂಡಿಬರುತ್ತಿತ್ತು. ಕಳಸ ಹಾಕಿದ ಕೊಂಬಿನ ಗಾಯ ಬೇರೆ ಥರ ಇರುತ್ತದೆ, ಆದ್ದರಿಂದ ಬಲಗೊಂಬು ಬೇಡ. ಎಡಗೊಂಬು ಹಸಿ, ಆದ್ದರಿಂದ ಗಾಯದೊಳಗೆ ನೀಲಿ ಇರಲೇಬೇಕು. ಅಪ್ಪ ಮಗಳು ಎಳ್ಳುಬೆಲ್ಲ ತರಲು ಒಳಗೆ ಹೋದಾಗ ಗೋಡೆಯ ಮೇಲಿದ್ದ ಬಣ್ಣದ ಡಬ್ಬಕ್ಕೆ ಹತ್ತಿ ಅದ್ದಿ ಸಣ್ಣ ಸೀಸೆಯಲ್ಲಿಟ್ಟುಕೊಂಡ. ಅದೇ ಡಬ್ಬ, ಅದೇ ಬಣ್ಣ. ಗಿರಿಜಾಂಬಾ ಯಾವ ಪ್ರಯೋಗಾಲಯಕ್ಕೆ ಕಳಿಸಿದರೂ ಕಳಿಸಿಕೊಳ್ಳಲಿ.

ಸಂಜೆ ಆರೂವರೆಗೆ ತಮಟೆ ಶುರುವಾಯಿತು. ಯೋಗೇಂದ್ರನ ಡ್ಯೂಟಿ ಎಂಟಕ್ಕೆ. ಮೋರಿ ಪಕ್ಕದ ಹಿತ್ತಲ ದಾರಿಯಲ್ಲಿ ಬಂದು, ಗೋಡೆಯ ಸಂದಿನಿಂದ ಕೊಟ್ಟಿಗೆಗೆ ನುಗ್ಗಿದ. ಮಂಕು ಬಲ್ಬಿನ ಕೆಳಗೆ ಚೆಲುವರಾಜು ಎತ್ತಿನ ಕತ್ತಿನಡಿಯ ಗಂಗೆದೊಗಲು ನೀವುತ್ತ ನಿಂತಿದ್ದ.

"ಹಿಂದ್ಗಡೆಯಿಂದ ಬಂದ್ಬುಟ್ರಾ ಸಾರ್? ಕೂತ್ಕೊಳಿ."

"ಚೆಲುವರಾಜು, ಏಪ್ರಿಲ್ ಕಳೆಯೋವರೆಗೆ ಸುಮ್ಮನಿರಿ. ಅಷ್ಟೇ ಕೇಳ್ತಿರೋದು."

ಇದು ಅವನು ಕೊಟ್ಟ ಕೊನೆಯ ಅವಕಾಶ. ಹಾಗೆಂದು ತನಗೆ ತಾನೇ ಹೇಳಿಕೊಂಡಿದ್ದ.

"ಆಗಲ್ಲ ಸಾರ್. ನಿಮ್ ಮೇಲೆ ಕ್ವಾಪ ಇಲ್ಲ. ಆಯಮ್ಮಂಗೂ ಸಕ್ರೆ ಕಾಯ್ಲೆ, ಇವತ್ತೋ ನಾಳೆಯೋ. ತಾನು ಮಗನ್ನ ಕೊಲ್ಲಿಲ್ಲ ಅಂತ ತಿಳ್ಕೊಂಡು ಸಾಯ್ಲಿ ಅಂತ. ನಾಳಿದ್ದು ಹೊರಡ್ತೀವಿ."

ಯೋಗೇಂದ್ರ ಚೀಲದಿಂದ ನೀಲಿ ಬಳಿದ ಕೊಂಬನ್ನು ಎಳೆದ. ಚೆಲುವರಾಜು ಅದನ್ನು ನೋಡಿದ, ಅದೇನೆಂದು ಅರ್ಥವಾಗದೆ ಮುಖ ನೋಡಿದ, ಅಷ್ಟರಲ್ಲಿ ಅದು ಹೊಟ್ಟೆಯ ಕೆಳಭಾಗದಲ್ಲಿ ಹಿಡಿಯವರೆಗೂ ಇಳಿದಿತ್ತು. ಯೋಗೇಂದ್ರ ಹೆಗಲು ಕೊಟ್ಟು ಮೇಲಕ್ಕೆತ್ತಿದ, ತಿರುವಿದ. ಕುರಿಯ ಮೈಯಲ್ಲಿ ಇಲ್ಲದ್ದೊಂದು ಇಲ್ಲಿ ಇತ್ತು: ಬಿಸಿ. ಅದು ಕೈಗವಸಿನ ಮೇಲೆ, ತೋಳಿನ ಮೇಲೆ ಸುರಿಯಿತು. ಎಳೆದು ತೆಗೆದಾಗ ಚೆಲುವರಾಜು ಕಲ್ಲಿನ ಬಾನಿಗೆ ಬೆನ್ನು ಬಡಿದುಕೊಂಡು ಕುಸಿದ. ಹೆಗಲ ಮೇಲಿನ ಟವೆಲ್ಲನ್ನು ಮುದ್ದೆ ಮಾಡಿ, ಮೂವತ್ತು ವರ್ಷದ ಅಭ್ಯಾಸದ ಕೈಯಿಂದ ಗಾಯಕ್ಕೆ ಒತ್ತಿಕೊಂಡ.

"ಒತ್ತಿಡ್ಕೊಳಿ ಸಾರ್," ಎಂದ. ಹೊಡೆದವನು ಯಾರು ಎಂಬುದೇ ಅವನಿಗೆ ಮರೆತಂತಿತ್ತು. ಎದುರಿಗೆ ಡಾಕ್ಟರಿದ್ದಾರೆ ಎಂಬುದಷ್ಟೇ ನೆನಪಿತ್ತು. "ಒಳ್ಗಡೆ ಹೋಗ್ಬುಟ್ಟದೆ... ಬೇಗ ಒತ್ತಿಡ್ಕೊಳಿ..."

ಯೋಗೇಂದ್ರ ಒತ್ತಿಹಿಡಿಯಲಿಲ್ಲ. ಟವೆಲ್ಲನ್ನು ಕಿತ್ತುಕೊಂಡ. ಚೆಲುವರಾಜುವಿನ ಎರಡೂ ಕೈಗಳನ್ನು ಮಂಡಿಯ ಕೆಳಗೆ ಅದುಮಿ, ಗಡಿಯಾರ ನೋಡುತ್ತ ಕೂತ. ಹೊರಗೆ ಕಿಚ್ಚು ಹೊತ್ತಿಕೊಂಡು ಜನ ಹೋ ಎಂದರು. ಮಂಡಿಯ ಕೆಳಗಿನ ಬೆರಳುಗಳು ಕೊಸರಾಡಿ, ಪರಚಿ, ಕೊನೆಗೆ ಸಡಿಲಾದವು. ಎತ್ತು ಎಸೆದ ಗುರುತಿಗಾಗಿ ಹೆಣವನ್ನು ಎತ್ತಿ ಇನ್ನೊಮ್ಮೆ ಬಾನಿಗೆ ಬಡಿದ. ಪಕ್ಕೆಲುಬು ಮುರಿದ ಸದ್ದು ಬಂತು. ಕೆಲಸ ಅಚ್ಚುಕಟ್ಟಾಗಿತ್ತು.

ಇನ್ನು ಎತ್ತು. ರಕ್ತದ ವಾಸನೆಗೆ ಅದು ಹೂಂಕರಿಸುತ್ತ ಗೊರಸು ಕೆರೆಯುತ್ತಿತ್ತು. ಯೋಗೇಂದ್ರ ಬೆಲ್ಲದ ಉಂಡೆ ಮುಂದೆ ಹಿಡಿದ. ಅದು ತಿನ್ನಲಿಲ್ಲ, ಆದರೆ ಹಾಯಲೂ ಇಲ್ಲ. ತಲೆ ಕೊಡವಬಹುದೆಂದು ಹೆದರಿ, ತೋಳುದ್ದ ದೂರದಲ್ಲೇ ನಿಂತು, ರಕ್ತದಲ್ಲಿ ನೆನೆದ ಹತ್ತಿಯನ್ನು ಎಡಗೊಂಬಿನ ತುದಿಗೆ ಮೆಲ್ಲಗೆ ಸವರಿದ. ಆಶ್ಚರ್ಯವೆಂದರೆ ಕೊಂಬು ಮುಟ್ಟಿದ್ದು ಗೊತ್ತೇ ಆಗಲಿಲ್ಲವೇನೋ ಎಂಬಂತೆ ಎತ್ತು ನಿಂತಿತ್ತು. ಒಡೆಯನ ಕಡೆಗೇ ನೋಡುತ್ತಿತ್ತು. ಯೋಗೇಂದ್ರ ಹಗ್ಗ ಬಿಚ್ಚಿ ಬಂದ ದಾರಿಯಲ್ಲೇ ಹೋದ.

ಕಬ್ಬಿಣದ ಹಿಡಿ ಮೋರಿಯ ಕೆಸರಿಗೆ ಹೋಯಿತು. ಕೊಂಬು, ಕೈಗವಸು, ಬಟ್ಟೆ ಎಲ್ಲ ಆಸ್ಪತ್ರೆಯ ಹಳದಿ ಚೀಲ ಸೇರಿದವು. ಆಪರೇಷನ್ ಕೋಣೆಯ ಕತ್ತರಿಸಿದ ಅಂಗಾಂಗಗಳ ಜೊತೆ ಬೆಳಿಗ್ಗೆ ಸುಟ್ಟು ಬೂದಿಯಾಗುವ ಚೀಲ ಅದು, ಅದನ್ನು ಬಿಚ್ಚಿ ನೋಡುವ ಗಂಡಸು ಇನ್ನೂ ಹುಟ್ಟಿಲ್ಲ. ಎಂಟು ಗಂಟೆ ಇಪ್ಪತ್ತು ನಿಮಿಷಕ್ಕೆ, ಅವನು ಲೆಕ್ಕ ಹಾಕಿದ್ದ ಹೊತ್ತಿಗೆ, ಆಟೋದಲ್ಲಿ ಚೆಲುವರಾಜುವಿನ ಹೆಣ ಬಂತು. ಕುಸುಮಳ ಸೀರೆಯೆಲ್ಲ ಅಪ್ಪನ ರಕ್ತ. ಜೊತೆಗೆ ಬಂದವರು ಎತ್ತು ಹಾಯ್ದುಬುಡ್ತು, ಎತ್ತು ಹಾಯ್ದುಬುಡ್ತು ಎಂದು ಗೋಳಾಡುತ್ತಿದ್ದರು.

ಯೋಗೇಂದ್ರ ಗಾಯ ಪರೀಕ್ಷಿಸಿದ. ಸುಮ್ಮನೆ ಎತ್ತಿನ ತಿವಿತ ಎಂದು ಬರೆದಿದ್ದರೆ ಸಾಕಿತ್ತು. ಆದರೆ ಗಾಯ ಅಷ್ಟು ಚೆನ್ನಾಗಿ ಬಂದಿತ್ತು, ಓದದೆ ಬಿಡಲು ಮನಸ್ಸಾಗಲಿಲ್ಲ. ಹಾದಿ ಕೆಳಗಿನಿಂದ ಮೇಲಕ್ಕೆ, ಬಾಗು ಇಂಥ ಕಡೆಗೆ, ಅಂಚಿನಲ್ಲಿ ನೀಲಿ ಬಣ್ಣ. ಆದ್ದರಿಂದ ಎಡಗೊಂಬಿನಿಂದ ಆದ ತಿವಿತ ಎಂದು ಪೊಲೀಸರಿಗೆ ಹೋಗುವ ಕಾಗದದಲ್ಲಿ ಬರೆದು ಸಹಿ ಹಾಕಿದ. ಕುಸುಮಳಿಗೂ ಮೆಲುದನಿಯಲ್ಲಿ ವಿವರಿಸಿದ.

ಅವಳ ಅಳು ನಿಂತಿತು. "ಎಡಗಡೆದಾ ಸಾರ್?"

"ಹೌದಮ್ಮ. ನನಗೆ ಅನುಮಾನವೇ ಇಲ್ಲ."

"ಎಡಗೊಂಬೇನಾ?" ಎಂದು ಮತ್ತೆ ಕೇಳಿ, ಅವನ ಮುಖವನ್ನೇ ನೋಡುತ್ತ ಗೋಡೆಗೊರಗಿದಳು. ಪಾಪ, ಆಘಾತ, ಎಂದುಕೊಂಡ.

ಮೂರನೇ ದಿನ ಮಧ್ಯಾಹ್ನ ಗಿರಿಜಾಂಬಾ ಫೋನ್ ಮಾಡಿ, ಕೊಂಬಿನ ಗಾಯಕ್ಕೆ ನಿಮಗಿಂತ ತಿಳಿದವರು ಯಾರಿದ್ದಾರೆ, ಒಂದು ಗಳಿಗೆ ಬಂದುಹೋಗಿ ಎಂದು ಕರೆದರು. ಯೋಗೇಂದ್ರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದ. ಅವರ ಕೋಣೆಯಲ್ಲಿ ಇನ್‌ಸ್ಪೆಕ್ಟರ್ ಸುಂದರೇಶ ಟೀ ಕುಡಿಯುತ್ತಿದ್ದರು. ಮೂಲೆಯ ಬೆಂಚಿನಲ್ಲಿ ಕುಸುಮ ಕೂತಿದ್ದಳು.

"ನನ್ನ ಸರ್ವೀಸಿನಲ್ಲಿ ಇಷ್ಟು ಪಕ್ಕಾ ಕೊಂಬಿನ ಗಾಯ ನೋಡಿಲ್ಲ ಡಾಕ್ಟ್ರೇ," ಎಂದರು ಗಿರಿಜಾಂಬಾ, ಕನ್ನಡಕ ಒರೆಸುತ್ತ. "ಒಳಗೆ ಕೊಂಬಿನ ಸಣ್ಣ ಚೂರು ಸಿಕ್ಕಿತು, ಅಸಲಿ ಕೊಂಬೇ. ಬಣ್ಣವೂ ಅವರ ಮನೆ ಡಬ್ಬದ್ದೇ. ಗಾಯದ ಹಾದಿ ನಿಮ್ಮ ಲೇಖನದ ಚಿತ್ರದ ಮೇಲೆ ಇಟ್ಟರೆ ಕೂದಲೆಳೆ ಹೆಚ್ಚುಕಮ್ಮಿ ಇಲ್ಲ. ಎಡಗೊಂಬು ಅಂತ ಬರೆದಿದ್ದೀರಿ. ಅದೂ ಸರಿಯೇ?"

"ಖಂಡಿತ ಮೇಡಂ. ಕೋರ್ಟಿನಲ್ಲಿ ಬೇಕಾದರೂ ಹೇಳ್ತೀನಿ."

"ಆಯುಧ ನೋಡದೆ ನಾನು ಸಹಿ ಹಾಕಲ್ಲ, ನಿಮಗೆ ಗೊತ್ತಲ್ಲ," ಎಂದು ಗಿರಿಜಾಂಬಾ ಕಂದು ಕಾಗದದ ಉದ್ದನೆಯ ಪೊಟ್ಟಣವೊಂದನ್ನು ಮೇಜಿನ ಮೇಲಿಟ್ಟು ಬಿಚ್ಚಿದರು. ನೀಲಿ ಕೊಂಬು, ಬುಡದಲ್ಲಿ ಕೆಂಪು ರಿಬ್ಬನ್ನು, ತುದಿಯಲ್ಲಿ ಕಪ್ಪಾಗಿ ಒಣಗಿದ ರಕ್ತ. ಜೀವಂತ ಎತ್ತಿನ ಕೊಂಬು ಕುಯ್ದು ತಂದರಲ್ಲ ಎಂದು ಯೋಗೇಂದ್ರನಿಗೆ ಹೇಸಿಗೆಯಾಯಿತು. ಅವರು ಸನ್ನೆ ಮಾಡಿದರೆಂದು ಎತ್ತಿಕೊಂಡ, ಕೈಗೆ ತೂಕವೇ ಸಿಗಲಿಲ್ಲ. ಹೆಬ್ಬೆರಳು ಒತ್ತಿದಲ್ಲಿ ತುದಿ ನುಗ್ಗಾಗಿ, ಬಣ್ಣದ ಹಕ್ಕಳೆ ಎದ್ದು, ಒಳಗೆ ಹಳೇ ಪೇಪರಿನ ಅಕ್ಷರಗಳು ಕಂಡವು. "ತಲೆ ವಾಲಿಸೋದು, ಒದರೋದು, ಬುಡ ಉಜ್ಜೋದು, ಒಂದೇ ಹೊಳ್ಳೇಲಿ ರಕ್ತ. ಕೊಂಬಿನ ಕ್ಯಾನ್ಸರ್ ಅಂತ ದನದ ಡಾಕ್ಟ್ರು ಡಿಸೆಂಬರ್ ಕೊನೇಲಿ ಬುಡಸಮೇತ ಕತ್ತರಿಸಿದರಂತೆ," ಎಂದರು ಗಿರಿಜಾಂಬಾ. ಸುಂದರೇಶ ಲೋಟ ಕೆಳಗಿಟ್ಟು ಎದ್ದು, ಬಾಗಿಲಿಗೆ ಅಡ್ಡ ನಿಂತರು. "ಕೇರಿಗೆಲ್ಲ ಗೊತ್ತಿರೋ ವಿಷ್ಯ ಡಾಕ್ಟ್ರೇ. ಅವತ್ತು ಬೆಳಿಗ್ಗೆ ಎಳ್ಳುಬೆಲ್ಲ ತಂದ ಹೊರಗಿನೋರು ನೀವೊಬ್ರೆ." ಯೋಗೇಂದ್ರ ಪೇಪರಿನ ಕೊಂಬನ್ನು ಹಿಡಿದುಕೊಂಡೇ ಮೂಲೆಯ ಕಡೆ ತಿರುಗಿದ. "ಹಬ್ಬದ ದಿನ ಒಂಟಿ ಕೊಂಬಲ್ಲಿ ನಿಲ್ಲೋದು ನೋಡಕ್ಕಾಗಲ್ಲ ಅಂತ ಅಪ್ಪ ಅತ್ತಿದ್ರು," ಎಂದಳು ಕುಸುಮ. "ಅದಕ್ಕೆ ನಾನೇ ಪೇಪರು, ಮೈದಾ ಅಂಟಲ್ಲಿ ಮಾಡಿ ಕಟ್ಟಿದ್ದೆ. ಬೂದಂಗೆ ಎಡಗೊಂಬಿಲ್ಲ ಸಾರ್."